ಅಪ್ಪನ ಹೊಸ ಕಣ್ಣು

ಅಪ್ಪನ ಎರಡನೇ ಕಣ್ಣಿನ ಪೊರೆ ತೆಗೆಸಿ ಒಂದು ತಿಂಗಳಾಗಿತ್ತು. ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿ ಹೊರಗೆ ಬಂದಾಗ ಹನ್ನೊಂದು ಗಂಟೆ. ಎಲ್ಲ ಚೆನ್ನಾಗಿದೆ ಅಂದಿದ್ದರು. ಮಂಡ್ಯದ ಬಸ್ಸು ಹಿಡಿಯೋಣ ಅಂದರೆ ಅಪ್ಪ ಕೇಳಲಿಲ್ಲ.

"ಫಿಲೋಮಿನಾ ಚರ್ಚ್ ತೋರ್ಸು ಮಗ. ತುದಿ ಕಾಣ್ತದಾ ನೋಡ್ಬೇಕು."

ಅಪ್ಪ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ನಮ್ಮ ಕಡೆ ಎಷ್ಟೋ ಮನೆಗಳ ಗೋಡೆ ಅವರ ಕೈಯಲ್ಲಿ ಎದ್ದಿವೆ. ಎರಡು ಮಹಡಿ ದಾಟಿದ್ದು ಮಾತ್ರ ಕಡಿಮೆ.

ಚರ್ಚಿನ ಮುಂದೆ ಆಟೋ ಇಳಿದವರೇ ತಲೆ ಎತ್ತಿ ನಿಂತುಬಿಟ್ಟರು. ಜೋಡಿ ಗೋಪುರ, ಒಂದೊಂದೂ 175 ಅಡಿ. ಜರ್ಮನಿಯ ಕಲೋನ್ ಚರ್ಚಿನ ಮಾದರಿಯಲ್ಲಿ ಕಟ್ಟಿದ್ದು, 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು ಅಂತ ನಾನು ಹೇಳುತ್ತಲೇ ಇದ್ದೆ.

"ಶಿಲುಬೆ ಕಾಣ್ತದೆ" ಅಂದರು. ಆಮೇಲೆ ಜೇಬಿನಿಂದ ಮನೆ ಬೀಗದ ಕೀ ತೆಗೆದರು. ಅದಕ್ಕೊಂದು ಉದ್ದ ದಾರ ಕಟ್ಟಿಕೊಂಡಿದ್ದಾರೆ. ದಾರದ ತುದಿ ಹಿಡಿದು ಕೈ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿದರು. ಕೀ ತೂಗಾಡುವುದು ನಿಲ್ಲುವವರೆಗೂ ಉಸಿರು ಬಿಗಿಹಿಡಿದಿದ್ದರು. ಗೋಡೆ ನೆಟ್ಟಗಿದೆಯಾ ಅಂತ ನೋಡಲು ಅದೇ ಅವರ ತೂಕದ ಗುಂಡು. ಗೋಪುರದ ಮೂಲೆಗೆ ದಾರ ಹೊಂದಿಸಿ, ನೋಟವನ್ನು ಬುಡದಿಂದ ಮೆಲ್ಲಗೆ ಮೇಲಕ್ಕೆ ಒಯ್ದರು. ಗೋಪುರ ಚೂಪಾಗುವ ಜಾಗದಲ್ಲಿ ನಿಲ್ಲಿಸಿದರು.

"ಒಂದು ನೂಲೂ ಆಚೀಚೆ ಇಲ್ಲ ಕಣಪ್ಪ."

ಅಷ್ಟು ಹೇಳುವಾಗ ಅವರ ಗಂಟಲು ಕಟ್ಟಿತ್ತು. "ಇಷ್ಟ್ ಎತ್ತರಕ್ಕೆ ಸಾರ್ವೆ ಹೆಂಗ್ ಕಟ್ಟಿದ್ರೋ! ಕಲ್ಲು ಹೊತ್ಕೊಂಡ್ ಹತ್ತಿದೋರು ಯಾರೋ!" ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಸಲ ಈ ಗೋಪುರ ನೋಡಿದ್ದೇನೆ, ಫೋಟೋ ತೆಗೆದಿದ್ದೇನೆ. ಸಾರ್ವೆಯ ಯೋಚನೆ ಒಂದು ಸಲವೂ ಬಂದಿರಲಿಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ ಒಯ್ದುಬಿಡುತ್ತಾರೆ, ಅಲ್ವಾ?

ಅಲ್ಲಿಂದ ದೊಡ್ಡ ಗಡಿಯಾರಕ್ಕೆ ಬಂದೆವು. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ ಅರಮನೆ ನೌಕರರು 1927ರಲ್ಲಿ ಕಟ್ಟಿಸಿದ 75 ಅಡಿ ಗೋಪುರ. ಮುಖದ ಮೇಲೆ ಕನ್ನಡದ ಅಂಕಿಗಳು. ಕಳೆದ ದಸರಾದಲ್ಲಿ ಇದೇ ಜಾಗದಲ್ಲಿ ನಿಂತು ಅಪ್ಪ ನನ್ನನ್ನು ಟೈಮ್ ಕೇಳಿದ್ದರು. ಈ ಸಲ ಅವರೇ ಜೋರಾಗಿ ಓದಿದರು: "ದೊಡ್ಡ ಮುಳ್ಳು ೪ರ ಮೇಲೆ. ಹನ್ನೆರಡೂ ಇಪ್ಪತ್ತು!" ಪಕ್ಕದಲ್ಲಿ ಹೂ ಮಾರುತ್ತಿದ್ದ ಅಮ್ಮ ತಿರುಗಿ ನೋಡಿ ನಕ್ಕರು.

ಕೊನೆಗೆ ಕೆ.ಆರ್. ಸರ್ಕಲ್. ಹೊನ್ನಿನ ಬಣ್ಣದ ಗುಮ್ಮಟದ ಕೆಳಗೆ ನಾಲ್ವಡಿಯವರ ಅಮೃತಶಿಲೆಯ ಪ್ರತಿಮೆ. ಕನ್ನಂಬಾಡಿ ನೀರಿನಲ್ಲಿ ಗದ್ದೆ ಮಾಡಿದ ಮನೆಯವರು ನಾವು. ಅಪ್ಪ ಫುಟ್‌ಪಾತಿನಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದರು.

"ಮುಖ ಎಷ್ಟ್ ಚೆನ್ನಾಗಿ ಕೆತ್ತವ್ರೆ ನೋಡು. ಇಷ್ಟ್ ದಿನ ಬರೀ ಬೆಳ್ಳಗೆ ಕಾಣೋದು."

ಬಸ್ಸಿಗೆ ಹೊತ್ತಾಯಿತು ಅಂದೆ. ಚಪ್ಪಲಿ ಹಾಕಿಕೊಳ್ಳದೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತಾ ನಿಂತರು.