ಇದ್ದಿಲಿನ ಇಸ್ತ್ರಿ, ತಾಮ್ರದ ಗೆರೆ

ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಕರೆಂಟನ್ನು ನೆಚ್ಚಿಕೊಂಡು ಯಾವ ಕೆಲಸವನ್ನೂ ಶುರುಮಾಡುವ ಹಾಗಿಲ್ಲ. ಆದರೂ ತೊಟ್ಟಿಯ ನೀರಿನ ಮಟ್ಟ ತೋರಿಸುವ ಸರ್ಕ್ಯೂಟಿನ ಬೋರ್ಡನ್ನು ಅವತ್ತೇ ಮಾಡಿ ಮುಗಿಸುವ ಹಟ ನನಗೆ. ನಕ್ಷೆಯನ್ನು ಪೇಟೆಯಲ್ಲಿ ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ ತಂದಿದ್ದೆ. ಇಂಕ್‌ಜೆಟ್ ಇದಕ್ಕೆ ಆಗದು. ಲೇಸರ್ ಪ್ರಿಂಟರಿನ ಟೋನರ್ ಪ್ಲಾಸ್ಟಿಕ್ ಬೆರೆತ ಪುಡಿ. ಬಿಸಿಗೆ ಕರಗಿ ಬೋರ್ಡಿನ ಮೇಲಿನ ತಾಮ್ರದ ಪದರಕ್ಕೆ ಕಚ್ಚಿಕೊಳ್ಳುತ್ತದೆ.

ಕರೆಂಟು ಹೋಯಿತು. ಅಪ್ಪಯ್ಯ ಅಟ್ಟದಿಂದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಳಿಸಿಕೊಟ್ಟರು. ಬಚ್ಚಲೊಲೆಯ ಕೆಂಡ ತುಂಬಿದೆವು. ಈ ಕೆಲಸಕ್ಕೆ ಅದನ್ನು ಮೀರಿಸುವುದು ಇಲ್ಲವೆಂದೇ ಈಗ ನನ್ನ ನಂಬಿಕೆ: ತಳದಲ್ಲಿ ಹಬೆಯ ತೂತುಗಳಿಲ್ಲ, ಅದರ ತೂಕವೇ ಒತ್ತುತ್ತದೆ. ತೇವ ಹೀರಿದ್ದ ಕಾಗದವನ್ನು ಒಲೆಯ ಬಳಿ ಒಣಗಿಸಿ, ತಿಕ್ಕಿ ಹೊಳಪಿಸಿದ ತಾಮ್ರದ ಮೇಲೆ ಬೋರಲು ಹಾಕಿ ಒತ್ತಿದೆ. ಆರಿದ ಮೇಲೆ ನೀರಿನಲ್ಲಿ ನೆನೆಸಿ ಬೆರಳಿನಿಂದ ಉಜ್ಜಿದರೆ ಕಾಗದ ಮುದ್ದೆಮುದ್ದೆಯಾಗಿ ಕಳಚಿ ಬಂತು. ಕಪ್ಪು ಗೆರೆ ಒಂದೂ ಕಡಿದಿರಲಿಲ್ಲ!

ಟೋನರ್ ಮುಚ್ಚದ ತಾಮ್ರವನ್ನು ಕರಗಿಸಿ ಗೆರೆಗಳನ್ನಷ್ಟೇ ಉಳಿಸುವ ಫೆರಿಕ್ ಕ್ಲೋರೈಡ್ ದ್ರಾವಣವಿದ್ದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೋರ್ಡನ್ನು ಮುಳುಗಿಸಿ, ತಟ್ಟೆಯನ್ನು ಹಂಡೆಯ ಬಿಸಿನೀರಿನ ಟಬ್ಬಿನಲ್ಲಿ ತೇಲಿಸಿ ಅಲುಗಿಸುತ್ತಾ ಕುಳಿತೆ. ಸಾಮಾನ್ಯ ಬೋರ್ಡಿನ ತಾಮ್ರ 35 ಮೈಕ್ರಾನ್ ದಪ್ಪ. ದ್ರಾವಣ ಬೆಚ್ಚಗಿದ್ದಷ್ಟೂ ಬೇಗ ಕರಗುತ್ತದೆ.

ಉಳಿದ ದ್ರಾವಣ ನೋಡಿ ಅಪ್ಪಯ್ಯ, "ಇದರಲ್ಲಿ ತಾಮ್ರ ಉಂಟಲ್ಲ, ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತವೆ. ಸುಣ್ಣ ಹಾಕು" ಎಂದರು. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅವರು ಬೆರೆಸುವುದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣವನ್ನೇ. ಹದ ನೋಡಲು ಕಬ್ಬಿಣದ ಚೂರಿ ಅದ್ದುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ನೀರಿನಲ್ಲಿದೆ, ಸುಣ್ಣ ಸಾಲದು. ನನ್ನ ದ್ರಾವಣಕ್ಕೂ ಸುಣ್ಣದ ತಿಳಿಯನ್ನು ನಿಧಾನವಾಗಿ ಬೆರೆಸಿ ಚೂರಿ ಅದ್ದಿದರು. ಕೆಂಪು ಹತ್ತಿತು. ಇನ್ನಷ್ಟು ಸುಣ್ಣ. ಅಲಗು ಹಾಗೆಯೇ ಹೊರಬಂದಾಗ ತಳದಲ್ಲಿ ಕಂದು ಗಸಿ ಇಳಿದಿತ್ತು. ರಸಾಯನಶಾಸ್ತ್ರವನ್ನು ಓದಿ ಬಂದವನು ನಾನು. ಆ ಪರೀಕ್ಷೆ ನನಗೆ ಹೊಳೆದಿರಲಿಲ್ಲ, ಅವರ ಕೈಗೆ ಗೊತ್ತಿತ್ತು. ಗಸಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ, ತೋಟಕ್ಕೆ ಹಾಕುವುದಿಲ್ಲ.

ಥಿನ್ನರಿನಿಂದ ಟೋನರ್ ಒರೆಸಿ, ಕೈ ಡ್ರಿಲ್ಲಿನಿಂದ ತೂತು ಕೊರೆದೆ. ನಮ್ಮ ಥಂಡಿಗೆ ಬರಿಯ ತಾಮ್ರ ಬೇಗ ಕಪ್ಪಾಗುತ್ತದೆಂದು, ಸಂಜೆ ಕರೆಂಟು ಬಂದ ಕೂಡಲೇ ಗೆರೆಗಳ ಉದ್ದಕ್ಕೂ ತೆಳುವಾಗಿ ಬೆಸುಗೆ ಸವರಿದೆ.