ಏಳನೆಯ ಪ್ರಶ್ನೆ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಚಿಕ್ಕ ದವಾಖಾನೆ. ಮಳೆಗಾಲ ಮುಗಿದು ಸಮುದ್ರ ತಿಳಿಯಾಗುತ್ತಿದ್ದಂತೆ ಸ್ಕೂಬಾ ಡೈವಿಂಗ್‌ಗೆ ಹೊರಟವರು ತಮ್ಮ ಆರೋಗ್ಯದ ಅರ್ಜಿಗೆ ವೈದ್ಯರ ಸಹಿ ಕೇಳಿಕೊಂಡು ಬರತೊಡಗುತ್ತಾರೆ. ಚೋರ್ಲಾ ಘಾಟ್ ಇಳಿದರೆ ಗೋವಾ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುವವರೂ ಇದ್ದಾರೆ.

ಮೂರು ವರ್ಷಗಳ ಹಿಂದೆ ಒಬ್ಬ ತರುಣ ಬಂದಿದ್ದ. ಯಾರಿಗೂ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಡೈವಿಂಗ್ ಅರ್ಜಿಯಲ್ಲಿ ಹತ್ತು ಮುಖ್ಯ ಪ್ರಶ್ನೆಗಳಿರುತ್ತವೆ. ಎಲ್ಲಕ್ಕೂ ‘ಇಲ್ಲ’ ಎಂದವರಿಗೆ ಸಾಮಾನ್ಯವಾಗಿ ವೈದ್ಯರ ಸಹಿ ಬೇಕಿಲ್ಲ. ಇವನಿಗೆ ಎಂಟು ತಿಂಗಳ ಹಿಂದೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿತ್ತು; ಒಂದು ವರ್ಷದೊಳಗಿನ ಶಸ್ತ್ರಚಿಕಿತ್ಸೆಯನ್ನು ಕೇಳುವ ಐದನೆಯ ಪ್ರಶ್ನೆಗೆ ‘ಹೌದು’ ಎಂದಿದ್ದ. ನಾನು ಹೊಟ್ಟೆಯ ಗಾಯದ ಕಲೆ ನೋಡಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ರಕ್ತದೊತ್ತಡ ಅಳೆದೆ. ಏಳನೆಯ ಪ್ರಶ್ನೆ ಮನಸ್ಸಿನ ಆರೋಗ್ಯದ್ದು: ಈಗ ಅಥವಾ ಕಳೆದ ಐದು ವರ್ಷಗಳಲ್ಲಿ ಚಿಕಿತ್ಸೆ ಬೇಕಾಗಿತ್ತೇ ಎಂದು ಕೇಳುತ್ತದೆ. ಹತ್ತನೆಯದು ಔಷಧಿಗಳದ್ದು. ಎರಡಕ್ಕೂ ‘ಇಲ್ಲ’ ಎಂದು ಗುರುತು ಹಾಕಿದ್ದ. “ಬೇರೆ ಏನೂ ತೊಂದರೆ ಇಲ್ಲವಲ್ಲ, ತಮ್ಮಾ?” ಎಂದೆ. “ಇಲ್ಲ ಮೇಡಂ” ಎಂದ. ಪಕ್ಕದ ಕುರ್ಚಿಯಲ್ಲಿ ಅವನ ಕಾಕಾ ಕುಳಿತಿದ್ದರು. ಸಹಿ ಹಾಕಿಕೊಟ್ಟೆ.

ಹತ್ತು ದಿನಗಳ ನಂತರ ಒಬ್ಬನೇ ಬಂದ. ಸುಮಾರು ಎಂಟು ಮೀಟರ್ ಆಳದಲ್ಲಿ ಮಾಸ್ಕ್‌ನೊಳಗೆ ಸ್ವಲ್ಪ ನೀರು ನುಗ್ಗಿತ್ತಂತೆ. ಅಷ್ಟಕ್ಕೇ ಎದೆ ಬಿಗಿದು, ಉಸಿರು ಸಿಕ್ಕಿಕೊಂಡಂತಾಗಿ, ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಕಿತ್ತು ಮೇಲೆ ಏರಲು ಹೊರಟಿದ್ದ. ತರಬೇತುದಾರರು ಅವನ ಜಾಕೆಟ್ಟಿನ ಪಟ್ಟಿ ಹಿಡಿದು, ರೆಗ್ಯುಲೇಟರನ್ನು ಬಾಯಲ್ಲೇ ಒತ್ತಿ ಹಿಡಿದು, ನಿಧಾನವಾಗಿ ಮೇಲೆ ತಂದಿದ್ದರು. ಆ ಪುಣ್ಯಾತ್ಮರ ಹೆಸರೂ ನನಗೆ ಗೊತ್ತಿಲ್ಲ. ಆದರೆ ನೆನೆಯದ ವರ್ಷವಿಲ್ಲ.

ಅವರು ಏನನ್ನು ತಪ್ಪಿಸಿದರು ಎಂಬುದನ್ನು ಹೇಳಲೇಬೇಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿರುವುದರ ಎರಡು ಪಟ್ಟು. ಅಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಎದೆಯೊಳಗಿನ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯಬಹುದು, ಗಾಳಿಯ ಗುಳ್ಳೆ ರಕ್ತ ಸೇರಿ ಮೆದುಳಿಗೆ ಹೋಗಬಹುದು. ಹೆದರಿದವರು ಮಾಡುವುದೇ ಅದು: ಉಸಿರು ಕಟ್ಟಿ ಮೇಲಕ್ಕೆ ಚಿಮ್ಮುವುದು. ಅದೂ ಅಲ್ಲದೆ, ಗಾಬರಿಯಲ್ಲಿ ಉಸಿರಾಟ ಚಿಕ್ಕದಾಗಿ, ವೇಗವಾಗಿ ನಡೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಗಾಬರಿ ಇನ್ನೂ ಏರುತ್ತದೆ. ಮನೆಯಲ್ಲಾದರೆ ಪ್ಯಾನಿಕ್ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ ಎಂದು ಧೈರ್ಯ ಹೇಳುತ್ತೇವೆ. ನೀರಿನಡಿಯಲ್ಲಿ ಆ ನಿಮಿಷಗಳು ಸಿಗುವುದಿಲ್ಲ.

“ಮೇಡಂ, ಒಂದು ವರ್ಷದಿಂದ ಆತಂಕಕ್ಕೆ ಎಸ್ಸಿಟಾಲೋಪ್ರಾಮ್ ತೆಗೆದುಕೊಳ್ಳುತ್ತಿದ್ದೆ. ಅರ್ಜಿ ತುಂಬುವ ಮೊದಲು ನಿಲ್ಲಿಸಿಬಿಟ್ಟೆ” ಎಂದ. ‘ಇಲ್ಲ’ ಎಂದು ಬರೆದದ್ದು ಸುಳ್ಳಾಗಬಾರದು ಎಂದು! ಕಾಕಾ ಎದುರಿಗೆ ಹೇಳುವುದು ಹೇಗೆ ಎಂದೂ ಕೇಳಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರಾಹೀನತೆ, ತಲೆಯಲ್ಲಿ ವಿದ್ಯುತ್ ಹರಿದಂತಹ ಜುಮ್ಮು, ಆತಂಕ ಎಲ್ಲವೂ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳಬಹುದು. ಮಾತ್ರೆ ತೆಗೆದುಕೊಂಡು ನೆಮ್ಮದಿಯಾಗಿದ್ದವನು ಸಮುದ್ರಕ್ಕೆ ಇಳಿದದ್ದು ಮಾತ್ರೆ ಬಿಟ್ಟ ಆ ಕೆಟ್ಟ ವಾರಗಳಲ್ಲಿ. ನಾನು ಕೇಳಿದ ರೀತಿಯೇ ‘ಇಲ್ಲ’ ಎಂಬ ಉತ್ತರವನ್ನು ಅವನ ಬಾಯಿಗೆ ಇಟ್ಟಿತ್ತು.

ಈಗ ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತೇನೆ, ಅಪ್ಪನಿರಲಿ, ಹೆಂಡತಿಯಿರಲಿ. ನಮ್ಮ ಕಡೆ ಇದು ಸುಲಭವಲ್ಲ, ಹಿರಿಯರಿಗೆ ಬೇಸರವಾಗುತ್ತದೆ. ಆದರೂ ಬಿಡುವುದಿಲ್ಲ. ಬಾಗಿಲು ಹಾಕಿದ ಮೇಲೆ, “‘ಹೌದು’ ಎಂದರೆ ಡೈವಿಂಗ್ ತಪ್ಪುತ್ತದೆ ಎಂದೇನಿಲ್ಲ, ಹೇಗೆ ಹೋಗಬೇಕು ಎಂದು ಇಬ್ಬರೂ ಕೂಡಿ ನೋಡೋಣ” ಎಂದು ಮೊದಲೇ ಹೇಳುತ್ತೇನೆ. ನಂತರ ನಿದ್ದೆಯ ಬಗ್ಗೆ, ಕೊನೆಯ ಬಾರಿ ಎದೆ ಬಿಗಿದದ್ದು ಯಾವಾಗ ಎಂಬುದರ ಬಗ್ಗೆ, ಈ ತಿಂಗಳಲ್ಲಿ ಬಿಟ್ಟ ಮಾತ್ರೆ ಯಾವುದು ಎಂಬುದರ ಬಗ್ಗೆ ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಬರುವ ಉತ್ತರಗಳು ಈಗಲೂ ನನ್ನನ್ನು ಬೆಚ್ಚಿಬೀಳಿಸುತ್ತವೆ.

ಹೋದ ವರ್ಷ ಬೈಲಹೊಂಗಲ ಕಡೆಯ ಶಿಕ್ಷಕಿಯೊಬ್ಬರು ಬಂದರು. ಪ್ಯಾನಿಕ್ ಕಾಯಿಲೆ ಇತ್ತು; ಎರಡು ವರ್ಷಗಳಿಂದ ಒಮ್ಮೆಯೂ ಮರುಕಳಿಸಿರಲಿಲ್ಲ, ಔಷಧಿಯ ಪ್ರಮಾಣವೂ ಬದಲಾಗಿರಲಿಲ್ಲ. ಅವರ ಮನೋವೈದ್ಯರೊಂದಿಗೆ ಮಾತನಾಡಿದೆ. ಈಜುಕೊಳದಲ್ಲಿ ಮಾಸ್ಕ್‌ಗೆ ನೀರು ತುಂಬಿಸಿ, ಮೂಗಿನಿಂದ ಉಸಿರು ಬಿಟ್ಟು ಅದನ್ನು ಹೊರಹಾಕುವುದನ್ನು ರೂಢಿ ಮಾಡಿಕೊಳ್ಳಲು ಹೇಳಿದೆ. ತರಬೇತುದಾರರಿಗೆ ಅವರೇ ವಿಷಯ ತಿಳಿಸಿದರು. ಮೂವತ್ತು ಮೀಟರ್ ಹತ್ತಿರ ಹೋದಂತೆ ಉಸಿರಾಡುವ ಗಾಳಿಯಲ್ಲಿನ ನೈಟ್ರೋಜನ್ ಅಮಲು ತರುತ್ತದೆ, ಕೆಲವರಲ್ಲಿ ಆತಂಕ ಹುಟ್ಟಿಸುತ್ತದೆ. ಹಾಗಾಗಿ ಹನ್ನೆರಡು ಮೀಟರ್ ಸಾಕೆಂದು ಒಪ್ಪಿದರು. ಗಾಬರಿ ಶುರುವಾದರೆ ಮೇಲೆ ಏರುವುದಕ್ಕಿಂತ ಮೊದಲು ನಿಲ್ಲುವುದು, ಬಂಡೆ ಹಿಡಿಯುವುದು, ಉಸಿರನ್ನು ಉದ್ದವಾಗಿ ಹೊರಬಿಡುವುದು ಎಂದು ಬಾಯಿಪಾಠ ಮಾಡಿಕೊಂಡಿದ್ದರು. ಗಿಳಿಮೀನು ನೋಡಿದೆ ಎಂದು ದೋಣಿಯಿಂದಲೇ ಫೋನ್ ಮಾಡಿದರು.

ಎಲ್ಲರಿಗೂ ಹೀಗೆ ಹೇಳಲಾಗುವುದಿಲ್ಲ. ಆತಂಕ ತಗ್ಗಿಸುವ ಕ್ಲೋನಾಜೆಪಾಮ್‌ನಂತಹ ಮಾತ್ರೆಗಳು ಮಂಪರು ತರುತ್ತವೆ. ಖಿನ್ನತೆಗೆ ಕೊಡುವ ಬುಪ್ರೋಪಿಯಾನ್‌ನಿಂದ ಫಿಟ್ಸ್ ಬರುವ ಸಂಭವ ಹೆಚ್ಚುತ್ತದೆ. ನೀರಿನಲ್ಲಿ ಫಿಟ್ಸ್ ಎಂದರೆ ಮುಳುಗುವುದೇ. ಕಳೆದ ನವೆಂಬರಿನಲ್ಲಿ ಮನಸ್ಸಿನ ತೀವ್ರ ಏರಿಳಿತಕ್ಕೆ ಲಿಥಿಯಂ ತೆಗೆದುಕೊಳ್ಳುವ ಒಬ್ಬರಿಗೆ ‘ಬೇಡ’ ಎಂದೆ. ಬಿಸಿಲು, ವಾಂತಿ, ಬೆವರಿನಿಂದ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಮೇಲಾಗಿ ಅವರ ಉನ್ಮಾದ ಇಳಿದು ನಾಲ್ಕೇ ತಿಂಗಳಾಗಿತ್ತು. ಬಹಳ ಸಿಟ್ಟಾದರು. “ನಿಜ ಹೇಳಿದ್ದಕ್ಕೆ ಇದೇ ಬಹುಮಾನವೇ, ಮೇಡಂ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಚಹಾ ತರಿಸಿದೆ. ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ ಎಂದು ಕೈ ಹಿಡಿದು ಕೇಳಿಕೊಂಡೆ. ಮುಂದಿನ ತಿಂಗಳು ರಕ್ತಪರೀಕ್ಷೆಯ ವರದಿ ಹಿಡಿದು ಅವರು ಮತ್ತೆ ಬಂದಾಗ, ವರದಿಗಿಂತ ಮೊದಲು ಅವರ ಮುಖ ನೋಡಿದೆ.