ಬಾಡ್ ನೌಹೈಮ್: ದಣಿದ ಹೃದಯಗಳಿಗಾಗಿ ಕಟ್ಟಿದ ಊರು

ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಹೋದರೆ ಬಾಡ್ ನೌಹೈಮ್ ಸಿಗುತ್ತದೆ. ಒಂದು ಕಡೆ ಟೌನಸ್ ಬೆಟ್ಟಗಳು, ಇನ್ನೊಂದು ಕಡೆ ವೆಟೆರಾವ್ ಬಯಲಿನ ಹೊಲಗಳು, ನಡುವೆ ಊಸಾ ಎಂಬ ಪುಟ್ಟ ಹೊಳೆ. ಬಿಸಿನೀರಿನ ಊರು ನೋಡಬೇಕು ಅಂದರೆ ನಮ್ಮವರು ಸಾಮಾನ್ಯವಾಗಿ ಬಾಡೆನ್-ಬಾಡೆನ್‌ಗೆ ಹೋಗುತ್ತಾರೆ. ನಾನು ಇಲ್ಲಿಗೆ ಬಂದದ್ದು ಜಮ್‌ಶೆಟ್‌ಜಿ ಟಾಟಾ ಅವರ ಕಾರಣಕ್ಕೆ. ಬೆಂಗಳೂರಿನವರು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡವರು ಅವರು. 1904ರ ಮೇ 19ರಂದು ಅವರು ತೀರಿಕೊಂಡದ್ದು ಇದೇ ಊರಿನಲ್ಲಿ.

ಸ್ಟೇಷನ್ನಿನಿಂದ ಹೊರಬಂದು ನೇರ ರಸ್ತೆಯಲ್ಲಿ ಕೆಲವೇ ನಿಮಿಷ ನಡೆದರೆ ಸ್ಪ್ರೂಡೆಲ್‌ಹೋಫ್. ಅಂದರೆ ಬುಗ್ಗೆಗಳ ಅಂಗಳ. ದೊಡ್ಡ ಕಲ್ಲಿನ ತೊಟ್ಟಿಯಲ್ಲಿ ನೀರು ನೊರೆನೊರೆಯಾಗಿ ಉಕ್ಕುತ್ತಿರುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಹಾಗಾಗಿ ತೊಟ್ಟಿಯೆಲ್ಲ ಕೆಂಗಂದು ಬಣ್ಣಕ್ಕೆ ತಿರುಗಿದೆ. ಅಂಗಳದ ಸುತ್ತ ಆರು ಸ್ನಾನಗೃಹಗಳು. ಕೆಂಪು ಹೆಂಚಿನ ಚಾವಣಿ, ತಿಳಿ ಬಣ್ಣದ ಗೋಡೆ, ಉದ್ದಕ್ಕೂ ಕಂಬದ ಮೊಗಸಾಲೆ. ಆಗ ಈ ಪ್ರದೇಶವನ್ನು ಆಳುತ್ತಿದ್ದ ಹೆಸ್ಸೆಯ ಗ್ರ್ಯಾಂಡ್ ಡ್ಯೂಕ್ ಅರ್ನ್‌ಸ್ಟ್ ಲುಡ್‌ವಿಗ್‌ಗೆ ಹೊಸ ಕಲೆಯ ಹುಚ್ಚು. ವಿಲ್‌ಹೆಲ್ಮ್ ಯೋಸ್ಟ್ ಎಂಬ ವಾಸ್ತುಶಿಲ್ಪಿಗೆ ಈ ಕೆಲಸ ಒಪ್ಪಿಸಿದ. 1905ರಲ್ಲಿ ಶುರುವಾದ ಕಟ್ಟಡಗಳು ಏಳೆಂಟು ವರ್ಷದೊಳಗೆ ಎದ್ದು ನಿಂತವು.

ಹೊರಗಿಂದ ನೋಡಿ ಹೋಗಿಬಿಡಬೇಡಿ. ಪ್ರತಿ ಸ್ನಾನಗೃಹದ ಒಳಗೂ ಒಂದೊಂದು ಒಳಾಂಗಳ ಇದೆ, ಒಂದರಂತೆ ಇನ್ನೊಂದಿಲ್ಲ. ಗೋಡೆಯ ಮೇಲೆ ಮೀನು, ಅಲೆ, ನೀರಿನ ಗಿಡ. ಡಾರ್ಮ್‌ಸ್ಟಾಟ್‌ನ ಶಾರ್‌ಫೋಗೆಲ್ ಮಾಡಿದ ಮಣ್ಣಿನ ಹೆಂಚುಗಳ ಬಣ್ಣ ಇನ್ನೂ ಮಾಸಿಲ್ಲ. ಇಲ್ಲಿ ಕುಳಿತು ಕಾಯುತ್ತಿದ್ದವರು ಕಾಯಿಲೆಯವರು, ಭಯದಲ್ಲಿದ್ದವರು. ಅವರ ಕಣ್ಣಿಗೆ ಬೀಳುವುದೆಲ್ಲ ಚೆನ್ನಾಗಿರಲಿ ಎಂದು ಯಾರೋ ಇಷ್ಟು ಯೋಚಿಸಿದ್ದಾರಲ್ಲ, ಅದು ನನಗೆ ತುಂಬ ಹಿಡಿಸಿತು. ನಮ್ಮ ಆಸ್ಪತ್ರೆಗಳ ಕಾರಿಡಾರ್‌ಗಳಿಗೂ ಇಂಥ ಒಂದು ಅಂಗಳ ಇರಬೇಕಿತ್ತು.

ಊರಿನ ಮೊದಲ ಕಸುಬು ಸ್ನಾನ ಅಲ್ಲ, ಉಪ್ಪು. ಕ್ರಿಸ್ತಪೂರ್ವದಲ್ಲೇ ಕೆಲ್ಟ್ ಜನ ಇಲ್ಲಿಯ ಉಪ್ಪುನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದರು. ಆಮೇಲಿನ ಕಾಲದ ಉಪ್ಪಿನ ಗೋಡೆಗಳು ಇವತ್ತೂ ನಿಂತಿವೆ. ಎತ್ತರದ ಮರದ ಚೌಕಟ್ಟು, ಅದರೊಳಗೆ ಒತ್ತಾಗಿ ತುಂಬಿದ ಮುಳ್ಳುಕಡ್ಡಿ. ಮೇಲಿಂದ ಉಪ್ಪುನೀರು ಬಿಟ್ಟರೆ ಅದು ಕಡ್ಡಿಯಿಂದ ಕಡ್ಡಿಗೆ ತೊಟ್ಟಿಕ್ಕುತ್ತ ಇಳಿಯುತ್ತದೆ. ಬಿಸಿಲು, ಗಾಳಿಗೆ ನೀರು ಆರಿ ಉಪ್ಪಿನಂಶ ಹೆಚ್ಚುತ್ತದೆ, ಕಾಯಿಸಲು ಸೌದೆ ಕಡಿಮೆ ಸಾಕು. ಈಗ ಅದರ ಪಕ್ಕದ ಬೆಂಚುಗಳಲ್ಲಿ ವಯಸ್ಸಾದವರು ಸುಮ್ನೆ ಕುಳಿತು ಉಸಿರೆಳೆದುಕೊಳ್ಳುತ್ತಾರೆ. ನಾನೂ ಕುಳಿತೆ. ಗಾಳಿ ಮಂಗಳೂರಿನ ಕಡಲ ದಂಡೆಯದೇ ಅನ್ನಿಸಿತು, ಸಮುದ್ರ ಮಾತ್ರ ನೂರಾರು ಕಿಲೋಮೀಟರ್ ದೂರ!

1835ರಲ್ಲಿ ಇಲ್ಲಿ ಸ್ನಾನದ ಚಿಕಿತ್ಸೆ ಸಣ್ಣದಾಗಿ ಆರಂಭವಾಯಿತು. ಊರಿನ ಹಣೆಬರಹ ಬದಲಾದದ್ದು 1846ರ ಡಿಸೆಂಬರ್‌ನಲ್ಲಿ. ಕೊರೆದು ಕೈಬಿಟ್ಟಿದ್ದ ಒಂದು ಬಾವಿಯಿಂದ ಬೆಚ್ಚಗಿನ ನೀರು ತಾನಾಗಿ ಚಿಮ್ಮಿ ಬಂತು. ಆ ನೀರಿನಲ್ಲಿ ಉಪ್ಪಿನ ಜೊತೆ ಇಂಗಾಲದ ಡೈಆಕ್ಸೈಡ್ ತುಂಬಿತ್ತು. ಅದರಲ್ಲಿ ಮುಳುಗಿದರೆ ಮೈತುಂಬ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಕೆಂಪಾಗುತ್ತದೆ, ಹೃದಯದ ಹೊರೆ ತುಸು ಇಳಿಯುತ್ತದೆ. ಹೃದಯ ರೋಗಿ ನೀರಿಗಿಳಿಯುವುದೇ ಅಪಾಯ ಎಂದು ವೈದ್ಯರು ಹೆದರುತ್ತಿದ್ದ ಕಾಲದಲ್ಲಿ ಬೆನೆಕೆ ಎಂಬ ವೈದ್ಯ ಈ ಸ್ನಾನದಿಂದ ಅವರಿಗೆ ಒಳ್ಳೆಯದಾಗುತ್ತದೆ ಎಂದು ಹೇಳಿದ. ಶಾಟ್ ಸಹೋದರರು ಇದಕ್ಕೆ ಮೆಲ್ಲನೆಯ ವ್ಯಾಯಾಮ ಸೇರಿಸಿದರು. ಹೃದಯಕ್ಕೆ ಔಷಧಗಳೇ ಕಡಿಮೆ ಇದ್ದ ಆ ದಿನಗಳಲ್ಲಿ ಜಗತ್ತಿನ ಮೂಲೆಮೂಲೆಯಿಂದ ಜನ ಬಂದರು.

ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್ 1898ರ ಬೇಸಿಗೆಯಲ್ಲಿ ಇಲ್ಲಿದ್ದಳು. ಆಮೇಲೆ ಸ್ವಿಟ್ಜರ್ಲೆಂಡ್‌ಗೆ ಹೋದವಳು ಜಿನೀವಾದಲ್ಲಿ ಕೊಲೆಯಾದಳು. ರಷ್ಯಾದ ಝಾರನ ಹೆಂಡತಿ ಅಲೆಕ್ಸಾಂಡ್ರಾ 1910ರಲ್ಲಿ ಬಂದಳು. ಮುಂದೆ ಅಮೆರಿಕದ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹುಡುಗನಾಗಿದ್ದಾಗ ಅಪ್ಪನ ಹೃದಯದ ಚಿಕಿತ್ಸೆಗೆಂದು ಬಂದವನು, ಕೆಲಕಾಲ ಇಲ್ಲಿಯ ಶಾಲೆಗೇ ಹೋದ.

ಟಾಟಾ ಬಂದಾಗ ಸ್ಪ್ರೂಡೆಲ್‌ಹೋಫ್ ಇನ್ನೂ ಇರಲಿಲ್ಲ. ಅವರಿಗೆ 65 ವರ್ಷ. ಬಸವನಗುಡಿ ಕಡೆ ಅವರು ಆರಂಭಿಸಿದ್ದ ರೇಷ್ಮೆ ತೋಟದ ಹೆಸರು ಟಾಟಾ ಸಿಲ್ಕ್ ಫಾರ್ಮ್ ಎಂದು ಇವತ್ತಿಗೂ ಉಳಿದಿದೆ. ಆದರೆ ವಿಜ್ಞಾನ ಸಂಸ್ಥೆಯ ಯೋಜನೆ 1898ರ ಕೊನೆಯಲ್ಲಿ ಹೊಸ ವೈಸ್‌ರಾಯ್ ಕರ್ಜನ್ ಮುಂದೆ ಹೋದದ್ದು ವರ್ಷಗಟ್ಟಲೆ ಎಳೆದಾಡುತ್ತಿತ್ತು. ಜಮ್‌ಶೆಡ್‌ಪುರದ ಉಕ್ಕು ಕೂಡ ಬರೀ ಕಾಗದದ ಮೇಲಿತ್ತು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟು, 1909ರಲ್ಲಿ ಸಂಸ್ಥೆ ಹುಟ್ಟಿತು. ಅವರು ಹೋಗಿ ಐದು ವರ್ಷದ ಮೇಲೆ. ಅವರ ಸಮಾಧಿ ಇರುವುದು ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ. ಯಶವಂತಪುರದ ಬಳಿ ಆ ಸಂಸ್ಥೆಯ ಮರಗಳ ನೆರಳಲ್ಲಿ ಓಡಾಡಿದ ನನಗೆ, ಈ ಊರಿನ ಉದ್ಯಾನದಲ್ಲಿ ನಡೆಯುವಾಗ ಅವರಿಗೆ ಇನ್ನೊಂದೈದು ವರ್ಷ ಸಿಕ್ಕಿದ್ದರೆ ಅನ್ನಿಸುತ್ತಲೇ ಇತ್ತು.

ಹೃದಯದ ವಿಜ್ಞಾನ ಈ ಊರಿನಿಂದ ಹೋಗಿಲ್ಲ. ಇಲ್ಲಿ ಚಿಕಿತ್ಸೆ ಪಡೆದಿದ್ದ ಅಮೆರಿಕದ ಉದ್ಯಮಿ ಕೆರ್ಕ್‌ಹಾಫ್ ಅವರ ನೆನಪಿಗೆ ಹೆಂಡತಿ ಸಂಶೋಧನಾ ಸಂಸ್ಥೆ ಕಟ್ಟಿಸಿದರು. ಅದರ ಮುಂದುವರಿಕೆಯೇ ಇಂದಿನ ಮ್ಯಾಕ್ಸ್ ಪ್ಲಾಂಕ್ ಹೃದಯ ಮತ್ತು ಶ್ವಾಸಕೋಶ ಸಂಶೋಧನಾ ಸಂಸ್ಥೆ. ಕೆರ್ಕ್‌ಹಾಫ್ ಸಂಸ್ಥೆಯನ್ನು ಮೊದಲು ನಡೆಸಿದ ಫ್ರಾಂಜ್ ಗ್ರೋಡೆಲ್ ಇದೇ ಊರಿನವರು, ಯಹೂದಿ ಮೂಲದವರು. ಹಿಟ್ಲರ್ ಬಂದ 1933ರಲ್ಲೇ ಅವರು ದೇಶ ಬಿಡಬೇಕಾಯಿತು. ನ್ಯೂಯಾರ್ಕ್ ಸೇರಿದ ಅವರು 1949ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಹುಟ್ಟುಹಾಕಿ ಅದರ ಮೊದಲ ಅಧ್ಯಕ್ಷರಾದರು. ಊರು ಕಳೆದುಕೊಂಡದ್ದು ಎಂಥ ಮನುಷ್ಯನನ್ನು, ಅಲ್ವಾ?

ಇಲ್ಲಿ ಹೆಚ್ಚಿನವರು ಕೇಳುವುದು ಅಮೆರಿಕದ ಗಾಯಕ ಎಲ್ವಿಸ್ ಪ್ರೆಸ್ಲಿಯ ಬಗ್ಗೆ. ಪಕ್ಕದ ಫ್ರೀಡ್‌ಬರ್ಗ್‌ನ ಸೇನಾ ಶಿಬಿರದಲ್ಲಿದ್ದ ಅವನು 1958ರಿಂದ 1960ರವರೆಗೆ ಇಲ್ಲಿ ವಾಸವಿದ್ದ. ಆಗಸ್ಟ್‌ನಲ್ಲಿ ಅವನ ಹೆಸರಲ್ಲಿ ಹಬ್ಬ ನಡೆಯುತ್ತದೆ.

1990ರ ದಶಕದಲ್ಲಿ ಆರೋಗ್ಯ ವಿಮೆಯವರು ಕೈ ಬಿಗಿ ಹಿಡಿದ ಮೇಲೆ ಜರ್ಮನಿಯ ಇಂಥ ಊರುಗಳಿಗೆಲ್ಲ ಹೊಡೆತ ಬಿತ್ತು. ಇಲ್ಲಿ 2023ರಲ್ಲಿ ಸ್ಪ್ರೂಡೆಲ್‌ಹೋಫ್ ಪಕ್ಕದಲ್ಲೇ ಹೊಸ ಸ್ನಾನ ಕೇಂದ್ರ ತೆರೆದಿದೆ. ನೀರಿಗಿಳಿಯುವ ಮನಸ್ಸಿದ್ದರೆ ಅಲ್ಲಿಗೆ ಹೋಗಿ. ಜೂನ್‌ನಲ್ಲಿ ಬಂದರೆ ಊರಿಗೇ ಸೇರಿದ ಸ್ಟೈನ್‌ಫರ್ಟ್ ಹಳ್ಳಿಯನ್ನೂ ನೋಡಿ. 1868ರಿಂದ ಅಲ್ಲಿ ಗುಲಾಬಿ ಬೆಳೆಯುತ್ತಾರೆ, ಗುಲಾಬಿಗೇ ಒಂದು ಮ್ಯೂಸಿಯಂ ಕೂಡ ಇದೆ.